ಸೈಲೆನ್ಸರ್ ಬದಲಿಸಿದ ಮೇಲೆ ಪಟಪಟ ಸಿಡಿತ: ಸರಿಪಡಿಸುವುದು ಹೇಗೆ?

ಹೊಸ ಸೈಲೆನ್ಸರ್ ಪೈಪ್ ಹಾಕಿಸಿದ ಬೈಕಿನಲ್ಲಿ ಪುಣೆಯ ಕಾತ್ರಜ್ ಘಾಟಿ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟೊಡನೆ ಪಟಪಟ ಸದ್ದು ಬರುತ್ತದೆ ಎಂದಿದ್ದೀರಿ. ಆಕ್ಸಿಲರೇಟರ್ ಮುಚ್ಚಿದಾಗ ಸಿಲಿಂಡರಿನಲ್ಲಿ ಪೂರ್ತಿ ಉರಿಯದ ಪೆಟ್ರೋಲ್ ಆವಿ ಬಿಸಿ ಪೈಪಿಗೆ ಹೋಗುತ್ತದೆ. ಅಲ್ಲಿ ಗಾಳಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಮೊದಲು ಗಾಳಿ ನುಸುಳುವ ಜಾಗವನ್ನು ಹುಡುಕಿ. ಬಹಳ ಸಲ ತಪ್ಪು ಇರುವುದು ಇಲ್ಲಿಯೇ: ಪೈಪ್ ಬದಲಿಸುವವರು ಎಂಜಿನ್ನಿಗೆ ಪೈಪ್ ಸೇರುವ ಬಾಯಿಯಲ್ಲಿ ಹಳೆಯ ಗ್ಯಾಸ್ಕೆಟನ್ನೇ (ಸಂದು ಮುಚ್ಚುವ ಬಳೆ) ಮತ್ತೆ ಕೂರಿಸುತ್ತಾರೆ. ಒಮ್ಮೆ ಅಮುಕಿ ಚಪ್ಪಟೆಯಾದ ಗ್ಯಾಸ್ಕೆಟ್ ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಪುಣೆಯ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸದನ್ನು ಕೊಂಡು ಹಾಕಿಸಿ, ನಟ್ಟುಗಳನ್ನು ಎರಡೂ ಕಡೆ ಸಮನಾಗಿ ಬಿಗಿಸಿ, ಜೋಡಣೆಯ ಕ್ಲ್ಯಾಂಪನ್ನೂ ನೋಡಿ. ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೇ ಸಂದುಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ.

ಸೋರಿಕೆ ಇಲ್ಲದಿದ್ದರೆ, ಗಾಳಿಯ ಜೊತೆ ಬೆರೆಯುವ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಸಿಲಿಂಡರಿನಲ್ಲಿ ಸರಿಯಾಗಿ ಉರಿಯುತ್ತಿಲ್ಲದಿರಬಹುದು. ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಇದ್ದರೆ, ಕಡಿಮೆ ವೇಗದ ಮಿಶ್ರಣವನ್ನು ಹೊಂದಿಸುವ ಪೈಲಟ್ ಸ್ಕ್ರೂವನ್ನು ಕಾಲು ಸುತ್ತಿನಷ್ಟು ಸಡಿಲಿಸಿ ಓಡಿಸಿ ನೋಡಿ. ಅದು ಗಾಳಿಯ ಸ್ಕ್ರೂ ಆಗಿದ್ದರೆ ಮಾತ್ರ ಒಳಕ್ಕೆ ತಿರುಗಿಸಬೇಕು. ಆಗಲೂ ನಿಲ್ಲದಿದ್ದರೆ ಒಂದು ಅಳತೆ ದೊಡ್ಡ ಪೈಲಟ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ಬೇಕಾಗಬಹುದು. 2020ರ ನಂತರದ ಬಹುತೇಕ ಬಿಎಸ್6 (ಹೊಗೆ ಮಿತಿಯ ನಿಯಮ) ಬೈಕುಗಳಲ್ಲಿ ಕಾರ್ಬುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇರುವುದರಿಂದ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನಲ್ಲಿ ಪೆಟ್ರೋಲ್ ಪ್ರಮಾಣ ಹೇಳುವ ಮ್ಯಾಪ್ ಬದಲಿಸಬೇಕಾಗಬಹುದು.

ಎಕ್ಸಾಸ್ಟಿಗೆ (ಹೊಗೆ ಹೊರಹೋಗುವ ದಾರಿಗೆ) ಗಾಳಿ ಬಿಡುವ ಕವಾಟವನ್ನು ಮುಚ್ಚಿಬಿಡಿ ಎಂದು ಕೆಲವು ಮೆಕ್ಯಾನಿಕ್‌ಗಳು ಹೇಳುತ್ತಾರೆ. ಸದ್ದು ತಗ್ಗುತ್ತದೆ ನಿಜ, ಆದರೆ ಅದು ಹೊಗೆಯ ವಿಷವನ್ನು ಇಳಿಸಲೆಂದೇ ಇರುವ ಭಾಗ. ದಯವಿಟ್ಟು ಮುಟ್ಟಬೇಡಿ.