ಚರ್ಮದ ಬಗೆ ಆಮೇಲೆ, ಮೊದಲು ಉಜ್ಜೋದು ನಿಲ್ಲಿಸಿ

ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರ: ‘ನನ್ನ ಚರ್ಮಕ್ಕೆ ಏನು ಹಚ್ಚಲಿ?’ ಏನನ್ನು ಬಿಡಲಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮಲಗುವ ಮುಂಚೆ ಮೇಕಪ್ ತೆಗೆಯಬೇಕಾ ಎನ್ನುವಂಥದ್ದಕ್ಕೆಲ್ಲ ಇಲ್ಲಿ ಉತ್ತರ ಹುಡುಕಬೇಡಿ. ಈ ಸಲ ಮುಖ್ಯವಾಗಿ ಒಂದು ಪತ್ರವನ್ನೇ ಹಿಡಿದು ಕೂತಿದ್ದೇನೆ, ಕೊನೆಗೆ ನಾಲ್ಕು ಚಿಕ್ಕ ಪ್ರಶ್ನೆ.

ಪ್ರಶ್ನೆ: ವಯಸ್ಸು 24, ಎಣ್ಣೆ ಚರ್ಮ, ಆಗಾಗ ಮೊಡವೆ. ದಿನಕ್ಕೆ ನಾಲ್ಕೈದು ಸಲ ಫೇಸ್‌ವಾಶ್, ವಾರಕ್ಕೆ ಮೂರು ಸಲ ಸ್ಕ್ರಬ್. ಸ್ಯಾಲಿಸಿಲಿಕ್ ಆ್ಯಸಿಡ್, ವಿಟಮಿನ್ ಸಿ, ರೆಟಿನಾಲ್ (ವಿಟಮಿನ್ ಎ ಬಗೆಯದು) ಮೂರೂ ಸೀರಮ್ ಹಚ್ಚುತ್ತೇನೆ. ಮಾಯಿಶ್ಚರೈಸರ್ ಹಚ್ಚಿದರೆ ಉರಿ, ಅದಕ್ಕೇ ಬಿಟ್ಟೆ. ಮಧ್ಯಾಹ್ನಕ್ಕೆ ಹಣೆ ಹೊಳೆಯುತ್ತದೆ, ಮೂಗಿನ ಪಕ್ಕ ಸಿಪ್ಪೆ ಏಳುತ್ತದೆ. ಇದು ಕಾಂಬಿನೇಶನ್ ಚರ್ಮವಾ? ಇನ್ನು ಯಾವ ಸೀರಮ್ ಸೇರಿಸಲಿ?

ಉತ್ತರ: ಯಾವುದನ್ನೂ ಸೇರಿಸಬೇಡಿ. ನಿಮ್ಮದು ಯಾವ ಬಗೆಯ ಚರ್ಮ ಅಂತ ಈಗ ಯಾರಿಗೂ ಹೇಳಲು ಬರುವುದಿಲ್ಲ, ಅಷ್ಟು ಉಜ್ಜಿಟ್ಟಿದ್ದೀರಿ.

ಚರ್ಮದ ತೀರಾ ಮೇಲಿನ ಪದರದಲ್ಲಿ ಸತ್ತ ಜೀವಕೋಶಗಳು ಒತ್ತಾಗಿ ಜೋಡಿಸಿಕೊಂಡಿರುತ್ತವೆ. ಅವುಗಳ ಸಂದಿಯಲ್ಲಿ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಸೇರಿದ ಒಂದು ಜಿಡ್ಡು ಇರುತ್ತದೆ. ಒಳಗಿನ ನೀರು ಆರಿಹೋಗದಂತೆ ತಡೆಯುವುದು ಅದೇ. ಪದೇ ಪದೇ ತೊಳೆದಾಗ ಹಣೆಯ ಎಣ್ಣೆಯ ಜೊತೆ ಈ ಜಿಡ್ಡೂ ಹೋಗುತ್ತದೆ. ಎಣ್ಣೆ ಕೆಲವೇ ಗಂಟೆಯಲ್ಲಿ ವಾಪಸ್ ಬರುತ್ತದೆ, ಯಾಕೆಂದರೆ ಅದನ್ನು ಸುರಿಸುವ ಗ್ರಂಥಿಗಳು ಹಾರ್ಮೋನಿನ ಮಾತು ಕೇಳುತ್ತವೆಯೇ ಹೊರತು ಫೇಸ್‌ವಾಶ್‌ನ ಮಾತನ್ನಲ್ಲ. ಸಂದಿಯ ಜಿಡ್ಡು ಅಷ್ಟು ಬೇಗ ಬರುವುದಿಲ್ಲ. ಅದಕ್ಕೇ ಒಂದೇ ಮುಖದಲ್ಲಿ ಹೊಳಪೂ ಇದೆ, ಸಿಪ್ಪೆಯೂ ಇದೆ. ಮಾಯಿಶ್ಚರೈಸರ್ ಉರಿಯುವುದೂ ಬಹುಮಟ್ಟಿಗೆ ಇದರಿಂದಲೇ. ನೀವು ಬಿಡಬೇಕಾದದ್ದನ್ನೆಲ್ಲ ಇಟ್ಟುಕೊಂಡು, ಬೇಕಾದ ಒಂದನ್ನೇ ಬಿಟ್ಟಿದ್ದೀರಿ!

ನಾಲ್ಕು ವಾರ ಮೂರೂ ಸೀರಮ್‌ಗೆ ರಜೆ. ಸ್ಕ್ರಬ್ಬಿಗೆ ರಜೆ ಬೇಡ, ಕಸದ ಬುಟ್ಟಿಗೆ ಹಾಕಿ. ಬೆಳಿಗ್ಗೆ ಬರೀ ನೀರಲ್ಲಿ ಮುಖ ತೊಳೆದು ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್. ರಾತ್ರಿ ನೊರೆ ಕಡಿಮೆ ಇರುವ ಮೃದುವಾದ ಕ್ಲೆನ್ಸರ್ ಒಂದೇ ಸಲ, ಮುಖ ಇನ್ನೂ ತುಸು ಒದ್ದೆ ಇರುವಾಗಲೇ ಮಾಯಿಶ್ಚರೈಸರ್. ಅದು ಸುವಾಸನೆ ಇಲ್ಲದ್ದಾಗಿರಲಿ. ಸೋಪು ಬೇಡ. ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5, ಮಾಮೂಲಿ ಸೋಪಿನದು 9ರಿಂದ 10, ಅಷ್ಟು ಕ್ಷಾರ ಚರ್ಮಕ್ಕೆ ಒಗ್ಗದು. ಹಣೆ ಹೊಳೆದರೆ ಹೊಳೆಯಲಿ, ಟಿಶ್ಯೂ ಒತ್ತಿ ತೆಗೆಯಿರಿ. ನಾಲ್ಕು ವಾರ ಯಾಕೆ ಅಂದರೆ, ಮೇಲ್ಚರ್ಮ ಹೊಸದಾಗಲು ಹೆಚ್ಚುಕಡಿಮೆ ತಿಂಗಳು ಬೇಕು.

ಆಮೇಲೆ ಪರೀಕ್ಷೆ. ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಬಿಟ್ಟು ನೋಡಿ. ಕೆನ್ನೆ ಬಿಗಿದುಕೊಂಡು ಒರಟಾಗಿದ್ದರೆ ಒಣ ಚರ್ಮ. ಇಡೀ ಮುಖ ಜಿಡ್ಡಾದರೆ ಎಣ್ಣೆ ಚರ್ಮ. ಹಣೆ, ಮೂಗು ಮಾತ್ರ ಹೊಳೆದರೆ ನೀವು ಕೇಳಿದ ಆ ಕಾಂಬಿನೇಶನ್. ಈ ಉತ್ತರವೂ ಶಾಶ್ವತವಲ್ಲ. ಹವೆ ಬದಲಾದರೆ, ವಯಸ್ಸಾದರೆ ಇದೂ ಬದಲಾಗುತ್ತದೆ.

ಎಣ್ಣೆ ಚರ್ಮವೇ ಆಗಿದ್ದು ಮೊಡವೆ ಇದ್ದರೆ ಆಗ ಒಂದೇ ಒಂದನ್ನು ಸೇರಿಸಿ. 2% ಸ್ಯಾಲಿಸಿಲಿಕ್ ಸಾಕು. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಕ್ಕೆ ಇಳಿಯುತ್ತದೆ. ಇಲ್ಲವೇ ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ 2.5% ಬೆಂಜಾಯ್ಲ್ ಪೆರಾಕ್ಸೈಡ್. 10%ನದು ಬೇಡ, ಅದರಿಂದ ಜಾಸ್ತಿಯಾಗುವುದು ಉರಿ ಮಾತ್ರ. ದಿಂಬಿನ ಕವರ್ ಬಿಳಿಯದ್ದೇ ಇರಲಿ, ಬಣ್ಣದ ಬಟ್ಟೆಯನ್ನು ಇದು ಕಲೆ ಕಲೆಯಾಗಿ ಬಿಳುಚಿಸುತ್ತದೆ. ರೆಟಿನಾಲ್ ಬೇಕೇಬೇಕು ಅಂದರೆ ಇನ್ನೂ ತಡವಾಗಿ, ವಾರಕ್ಕೆ ಎರಡು ರಾತ್ರಿ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು. ಗರ್ಭಿಣಿಯರು, ಮಗುವಿನ ಯೋಚನೆಯಲ್ಲಿರುವವರು ಅದನ್ನು ಮುಟ್ಟಲೇಬಾರದು. ಯಾವುದೇ ಆದರೂ ಫಲ ಕಾಣಲು 8ರಿಂದ 12 ವಾರ ಬೇಕು. ಹತ್ತು ದಿನಕ್ಕೆ ‘ಡಾಕ್ಟ್ರೇ, ಏನೂ ಆಗಲಿಲ್ಲ’ ಅಂತ ಬರೆಯಬೇಡಿ.

ಒಂದು ಅನುಮಾನ ಮಾತ್ರ ಉಳಿಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಮೂಗಿನ ಪಕ್ಕ, ಹುಬ್ಬಿನಲ್ಲಿ ಸಿಪ್ಪೆ ಏಳುತ್ತಿದ್ದು, ತಲೆಯಲ್ಲಿ ಹೊಟ್ಟೂ ಇದ್ದರೆ ಅದು ಸೆಬೊರಿಕ್ ಡರ್ಮಟೈಟಿಸ್ (ಎಣ್ಣೆ ಜಾಸ್ತಿ ಇರುವ ಕಡೆ ಸಿಪ್ಪೆ ಏಳುವ ಚರ್ಮದ ಉರಿಯೂತ) ಇರಬಹುದು. ಅದಕ್ಕೆ ಔಷಧಿ ಬೇರೆಯೇ ಇದೆ, ಚರ್ಮದ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಚರ್ಮದ ರಂಧ್ರ ಮುಚ್ಚಲು ಯಾವ ಟೋನರ್ ಒಳ್ಳೆಯದು?

ಉತ್ತರ: ಯಾವುದೂ ಇಲ್ಲ, ರಂಧ್ರ ಮುಚ್ಚುವುದೂ ಇಲ್ಲ ತೆರೆಯುವುದೂ ಇಲ್ಲ.

ಪ್ರಶ್ನೆ: ಮೊಡವೆಗೆ ಟೂತ್‌ಪೇಸ್ಟ್ ಹಚ್ಚಬಹುದಾ?

ಉತ್ತರ: ಹಲ್ಲಿಗೆ ಹಚ್ಚಿ.

ಪ್ರಶ್ನೆ: ಸನ್‌ಸ್ಕ್ರೀನ್‌ನಲ್ಲಿ ಎಸ್‌ಪಿಎಫ್ 30 ಸಾಕಾ, 50 ಬೇಕಾ?

ಉತ್ತರ: ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ 30 ತಡೆಯುವುದು ಸುಮಾರು 97%, 50 ಸುಮಾರು 98%. ಎರಡು ಬೆರಳುದ್ದ ಸನ್‌ಸ್ಕ್ರೀನ್ ಹಿಂಡಿ ಮುಖಕ್ಕೂ ಕುತ್ತಿಗೆಗೂ ಹಚ್ಚುವವರು ಈ ಲೆಕ್ಕ ಕೇಳಲಿ. ಚುಕ್ಕಿ ಇಟ್ಟು ಒರೆಸಿಕೊಳ್ಳುವವರಿಗೆ ಎರಡೂ ದಂಡ.

ಪ್ರಶ್ನೆ: ಪರಿಚಯದವರು ಲೇಬಲ್ ಇಲ್ಲದ ಕ್ರೀಮ್ ಕೊಟ್ಟರು. ಒಂದೇ ವಾರದಲ್ಲಿ ಮುಖ ಬೆಳ್ಳಗಾಯಿತು. ಈಗ ಬಿಟ್ಟರೆ ಕೆಂಪಾಗಿ ಉರಿಯುತ್ತದೆ.

ಉತ್ತರ: ಅಷ್ಟು ಬೇಗ ಬೆಳ್ಳಗೆ ಮಾಡಿತು ಅಂದರೆ ಮೊದಲ ಅನುಮಾನ ಸ್ಟೀರಾಯ್ಡ್ ಮೇಲೆ. ಅದು ಚರ್ಮವನ್ನು ತೆಳ್ಳಗೆ ಮಾಡುತ್ತದೆ, ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ. ಇಂಥವುಗಳಲ್ಲಿ ಕೆಲವೊಮ್ಮೆ ಪಾದರಸವೂ ಇರುತ್ತದೆ, ಅದು ಕಿಡ್ನಿಗೂ ಕುತ್ತು. ಕೊಟ್ಟವರು ಇನ್ನೊಂದು ಡಬ್ಬಿ ಕೊಡಲು ಬಂದರೆ ತಗೋಬೇಡಿ. ಈಗಿರುವ ಡಬ್ಬಿಯನ್ನು ಸಿಟ್ಟಿನಲ್ಲಿ ಎಸೆಯಬೇಡಿ. ಈ ವಾರವೇ ಚರ್ಮದ ವೈದ್ಯರ ಹತ್ತಿರ ಹೋಗಿ, ಅದನ್ನೂ ಕೈಯಲ್ಲಿ ಹಿಡಿದುಕೊಂಡು.