ಅತ್ತೆಯನ್ನು ಬಿಡಿ, ಯಜಮಾನರನ್ನು ಕರೆಯಿರಿ

ದಾವಣಗೆರೆಯ ಓದುಗರೊಬ್ಬರ ಪತ್ರ ಓದಿ ಸಿಟ್ಟೇ ಬಂತು. ಬರೆದವರ ಮೇಲಲ್ಲ. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಸಂಗತಿ ಇಷ್ಟು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮೂರೂವರೆ ವರ್ಷದ ಮಗ ಹಗಲೆಲ್ಲ ಅಜ್ಜಿಯ ಜೊತೆ. ಟಿವಿಯಲ್ಲಿ ಛೋಟಾ ಭೀಮ್, ಅದು ಮುಗಿದರೆ ಮೋಟು ಪತ್ಲು. ಹುಡುಗ ಸೋಫಾ ಮೇಲಿಂದ ಹಾರುತ್ತಾನೆ, ಪಕ್ಕದ ಮನೆ ಮಗುವಿಗೆ ಗುದ್ದಿದ್ದಾನೆ, ಹಿಂದಿ ಡೈಲಾಗ್ ಹೊಡೆಯುತ್ತಾನೆ. 'ಅತ್ತೆಗೆ ಎಷ್ಟು ಹೇಳಿದರೂ ಕೇಳಲ್ಲ. ಕಾರ್ಟೂನ್ ನನ್ನ ಮಗನನ್ನು ಹಾಳು ಮಾಡುತ್ತಿದೆಯಾ?' ಅಂತ ಕೇಳಿದ್ದಾರೆ.

ಹಾರೋದು, ಗುದ್ದೋದು ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ಬಯಲಾಟ ನೋಡಿ ಬಂದ ಹುಡುಗರು ಮರುದಿನ ಕೋಲು ಹಿಡಿದು ಯುದ್ಧ ಮಾಡುತ್ತಿರಲಿಲ್ಲವಾ? ಗುದ್ದಿದಾಗ ಕೈ ಹಿಡಿದು 'ಬೇಡ' ಅನ್ನಿ, ಸಾಕು. ನನಗೆ ಚುಚ್ಚಿದ್ದು ಪತ್ರದ ಕೊನೆಯಲ್ಲಿ ನೀವು ಸಮಾಧಾನಕ್ಕೆ ಅಂತ ಬರೆದ ಸಾಲು: 'ಊಟಕ್ಕೆ ಮಾತ್ರ ತಕರಾರಿಲ್ಲ, ಟಿವಿ ಹಾಕಿದರೆ ಕೊಟ್ಟಷ್ಟು ತಿನ್ನುತ್ತಾನೆ.'

ಕೊಟ್ಟಷ್ಟು ತಿನ್ನುತ್ತಾನೆ! ಅದೇ ನೋಡಿ ತೊಂದರೆ. ಹಸಿವಾಗಿದೆಯಾ, ಹೊಟ್ಟೆ ತುಂಬಿತಾ ಅನ್ನೋದನ್ನು ಮಗು ಕಲಿಯುವ ವಯಸ್ಸು ಇದು. ಕಣ್ಣು ಪರದೆ ಮೇಲೆ, ಬಾಯಿ ತಾನಾಗೇ ತೆರೆಯುತ್ತದೆ, ತುತ್ತು ಕೆನ್ನೆಯಲ್ಲೇ ಕೂತಿರುತ್ತದೆ. ಲಡ್ಡು ತಿಂದರೆ ಶಕ್ತಿ ಬರುತ್ತೆ ಅಂತ 2008ರಿಂದ ತೋರಿಸುತ್ತಿರುವ ಭೀಮನ ಎದುರು ಕೂತು ತಾನು ತಿನ್ನುತ್ತಿರುವುದು ಅನ್ನ ಸಾರೋ ಉಪ್ಪಿಟ್ಟೋ ಅಂತ ನಿಮ್ಮ ಮಗನಿಗೇ ಗೊತ್ತಿಲ್ಲ.

ಮಾತಿನ ನಷ್ಟ ಇನ್ನೂ ಜಾಸ್ತಿ. ಟಿವಿ ಇಲ್ಲದೆ ಉಣ್ಣಿಸುವಾಗ ಅಜ್ಜಿ ಚಿತ್ರಾನ್ನದಿಂದ ಕರಿಬೇವು ಆರಿಸಿ ಪಕ್ಕಕ್ಕಿಡುತ್ತಾರೆ, ಅವನು 'ಇದ್ಯಾಕೆ?' ಅನ್ನುತ್ತಾನೆ, ಅವರು ಏನೋ ಒಂದು ಕಥೆ ಕಟ್ಟುತ್ತಾರೆ. ಮಕ್ಕಳು ಮಾತು ಕಲಿಯೋದು ಹೀಗೆ. ಅಮೆರಿಕದ ಸಿಯಾಟಲ್‌ನಲ್ಲಿ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನೀ ಭಾಷೆಯವರು ಕೂತು ಆಡಿ ಮಾತಾಡಿದಾಗ ಅವು ಆ ಭಾಷೆಯ ಸದ್ದುಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. 2003ರಲ್ಲೇ ಇದು ಪ್ರಕಟವಾಗಿದೆ. ನಿಮ್ಮ ಮಗ ದೊಡ್ಡವನು, ಡೈಲಾಗ್ ಹಿಡಿಯುತ್ತಾನೆ, ಸರಿ. ಆದರೆ ಭೀಮ ಅವನಿಗೆ ತಿರುಗಿ ಉತ್ತರ ಕೊಡಲ್ಲ ಅಲ್ವಾ?

ಕಾರ್ಟೂನಿನ ವೇಗದ ವಿಷಯವೂ ಇದೆ. 2011ರಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಬರೀ ಒಂಬತ್ತು ನಿಮಿಷ ದಡಬಡ ಓಡುವ ಕಾರ್ಟೂನ್ ತೋರಿಸಿ ನೋಡಿದರು. ಚಿತ್ರ ಬರೆಯುತ್ತಾ ಕೂತ ಮಕ್ಕಳಿಗೆ ಹೋಲಿಸಿದರೆ, ಗಮನ ಮತ್ತು ತಾಳ್ಮೆ ಬೇಕಾದ ಕೆಲಸಗಳಲ್ಲಿ ಇವರು ಹಿಂದೆ ಬಿದ್ದರು. ನೋಡಿದ ತಕ್ಷಣದ ಪರಿಣಾಮ ಅಷ್ಟೇ, ಜನ್ಮಕ್ಕಂಟಿದ ದೋಷವೇನಲ್ಲ. ಹೆದರಬೇಡಿ.

ಇನ್ನು ಅತ್ತೆ. ಮಂಡಿ ನೋವು ಅಂತ ನೀವೇ ಬರೆದಿದ್ದೀರಿ. ಮಂಡಿ ನೋವಿನವರು ಮೂರೂವರೆ ವರ್ಷದ ಹುಡುಗನ ಹಿಂದೆ ತಟ್ಟೆ ಹಿಡಿದು ಓಡೋಕಾಗುತ್ತಾ? ಅವರಿಗೆ ಸಿಕ್ಕ ಸಹಾಯ ರಿಮೋಟ್ ಒಂದೇ.

ನನ್ನ ಸಿಟ್ಟು ನಿಮ್ಮ ಯಜಮಾನರ ಮೇಲೆ. ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ: ಅತ್ತೆ ಸೊಸೆ ಜಗಳದಲ್ಲಿ ಸುಮ್ನೆ ಕೂತವರನ್ನೇ ಮೊದಲು ಹಿಡಿಯಬೇಕು. 'ನಾವೂ ಕಾರ್ಟೂನ್ ನೋಡೇ ಬೆಳೆದಿದ್ದು' ಅಂದರಂತೆ. ಹೌದು ಸ್ವಾಮಿ, ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಮೋಗ್ಲಿ ಬರುತ್ತಿದ್ದ. ಅದು ಮುಗಿದರೆ ಬೀದಿಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಈಗ ಇಡೀ ದಿನ ಓಡುವ ಚಾನೆಲ್‌ಗಳಿವೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಹತ್ತು ನಿಯಮ ಹಾಕಬೇಡಿ, ಒಂದೂ ನಡೆಯಲ್ಲ. ಒಂದೇ ಕೆಲಸ ಮಾಡಿ: ಊಟದ ಹೊತ್ತಿಗೆ ಟಿವಿ ಬಂದ್. ರಾತ್ರಿ ಊಟದಿಂದ ಶುರು ಮಾಡಿ. ಮಗನ ಪಕ್ಕ ಕೂರುವುದು ಅವನ ಅಪ್ಪ. ಕ್ರಿಕೆಟ್ ಇದ್ದರೂ ಸರಿಯೇ. ಮೊದಲ ಕೆಲವು ದಿನ ರಂಪ ಆಗುತ್ತದೆ, ಎರಡು ತುತ್ತಿಗೇ ಎದ್ದು ಹೋಗುತ್ತಾನೆ. ಹೋಗಲಿ, ತಟ್ಟೆ ಎತ್ತಿಡಿ, ಬಿಸ್ಕತ್ತು ಕೊಡಬೇಡಿ. ತೂಕ ಇಳಿಯುತ್ತಿದೆ ಅನ್ನಿಸಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ರಾತ್ರಿ ಊಟ ದಾರಿಗೆ ಬಂದ ಮೇಲೆ ಅಜ್ಜಿಗೆ ಮಧ್ಯಾಹ್ನದ ಊಟವೂ ಸುಲಭವಾಗುತ್ತದೆ.

ಈ ಉತ್ತರವನ್ನು ಅತ್ತೆಗೆ ತೋರಿಸಬೇಡಿ. ಯಜಮಾನರಿಗೆ ಓದೋಕೆ ಕೊಡಿ.