ಬಾವುಟದ ಮೇಲೆ ಹೊಯ್ಸಳ ಲಾಂಛನ ಗುರುತೇ ಸಿಗದಿದ್ದರೆ

ನಿಮ್ಮ ಹಾಸನದ ಸಂಘದ ಬಾವುಟದಲ್ಲಿ ಹೊಯ್ಸಳ ಲಾಂಛನ, ಅಂದರೆ ಆ ವಂಶದ ಮೂಲಪುರುಷ ಸಳ ಸಿಂಹದ ಜೊತೆ ಕಾದಾಡುವ ಚಿತ್ರ, ದೂರದಿಂದ ಬರೀ ಕಪ್ಪು ಮುದ್ದೆಯಾಗಿ ಕಾಣುತ್ತಿದೆ ಅಂದಿರಿ. ಬಹುಶಃ ಬೇಲೂರಿನ ಶಿಲ್ಪದ ಫೋಟೋವನ್ನೇ ಟ್ರೇಸ್ ಮಾಡಿದ್ದೀರಿ. ಕಲ್ಲಿನಲ್ಲಿ ಚೆಂದ ಕಾಣುವ ಸಣ್ಣ ಕೆತ್ತನೆಯೆಲ್ಲ ಬಟ್ಟೆಯ ಮೇಲೆ ಕಲಸಿಹೋಗುತ್ತದೆ.

ಮೊದಲು ಹೊರಗೆರೆ ಮಾತ್ರ ಬರೆದುಕೊಳ್ಳಿ. ಸಿಂಹದ ಎತ್ತಿದ ಮುಂಗಾಲು, ತೆರೆದ ಬಾಯಿ, ಸಳನ ಕೈಯ ಆಯುಧ, ಇಷ್ಟು ಉಳಿಯಲಿ. ಇಬ್ಬರ ನಡುವೆ ಖಾಲಿ ಜಾಗ ಬಿಡಿ, ಅದೇ ಮುಖ್ಯ. ಆ ಜಾಗ ಇದ್ದರೇನೇ ಕಾದಾಟ ಕಾಣುವುದು. ಸರ, ಬಳ್ಳಿ ಎಲ್ಲ ತೆಗೆಯಿರಿ. ಆಮೇಲೆ ಹೆಬ್ಬೆರಳಿನಷ್ಟು ಸಣ್ಣದಾಗಿ ಪ್ರಿಂಟ್ ತೆಗೆದು ನೋಡಿ. ಗುರುತು ಸಿಕ್ಕರೆ ಮಾತ್ರ ಬಟ್ಟೆಗೆ ಹಾಕಿಸಿ. ಎರಡು ಬಣ್ಣ ಸಾಕು.

ಹುಲಿಯೋ ಸಿಂಹವೋ ಅಂತ ಕೇಳಿದ್ದೀರಿ. ಸಳನ ಕಥೆಯಲ್ಲಿ ಅವನು ಕೊಂದದ್ದು ಹುಲಿ, ಶಿಲ್ಪದಲ್ಲಿ ಕೇಸರವಿರುವ ಸಿಂಹದ ರೂಪ. ಶಿಲ್ಪವನ್ನೇ ಹಿಡಿಯಿರಿ. ಹೊಯ್ಸಳ ದೊರೆ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಗೆದ್ದದ್ದರ ಸಂಕೇತ ಇದು ಅಂತಲೂ ಕೆಲವರು ಹೇಳುತ್ತಾರೆ, ಚೋಳರ ಲಾಂಛನ ಹುಲಿ ಅಲ್ವಾ. ಆದರೆ ಅದು ಒಂದು ಅಭಿಪ್ರಾಯ ಅಷ್ಟೇ, ಖಚಿತ ಅಂತ ಬರೆಯಬೇಡಿ.

ಪಕ್ಕದಲ್ಲಿ ಗಂಡಭೇರುಂಡವಿರುವ ರಾಜ್ಯ ಲಾಂಛನ ಮಾತ್ರ ಸೇರಿಸಬೇಡಿ. ಅದರ ಮೇಲ್ತುದಿಯಲ್ಲಿ ರಾಷ್ಟ್ರ ಲಾಂಛನವಾದ ಅಶೋಕನ ಸಿಂಹಗಳಿವೆ. ಖಾಸಗಿ ಸಂಘಗಳು ಅದನ್ನು ಬಳಸುವುದನ್ನು ರಾಷ್ಟ್ರ ಲಾಂಛನದ ದುರ್ಬಳಕೆ ವಿರುದ್ಧದ 2005ರ ಕಾಯ್ದೆ ತಡೆಯುತ್ತದೆ.